ಬಿಳಿ ಒಂದು ಸಲ, ಬಿಳಿ ಎರಡು ಸಲ

ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗುವುದು ನನ್ನ ಕಸುಬು. ಈ ಗಂಟಲಿಗೆ ಮೈಕು ಬೇಕಿಲ್ಲ. ನಾನು ‘ಒಂದು ಸಲ’ ಅಂದರೆ ನಾಲ್ಕನೇ ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತದೆ. ಅಂಥ ನಾನು ಅಂದು ಬೆಳಿಗ್ಗೆ ಎದೆ ತಟ್ಟಿ ಘೋಷಿಸಿದೆ: “ಅಂಗಳದ ದೀಪ ಇವತ್ತು ಸಂಜೆಯಿಂದ ಒಂದೇ ಬಣ್ಣ. ಬಿಳಿ. ಕದಲಿದರೆ ನನ್ನ ಹೆಸರು ಬದಲಾಯಿಸು!”

“ಮೊದಲು ದೀಪ ನಿಲ್ಲಲಿ, ಹೆಸರಿನ ವಿಚಾರ ಆಮೇಲೆ,” ಅಂದಳು ನನ್ನವಳು.

ಅವಳ ಗಾಬರಿಗೆ ಕಾರಣವಿತ್ತು. ನಮ್ಮ ಅತ್ತೆಯವರು ಕಣ್ಣಿನ ಪೊರೆ ತೆಗೆಸಿಕೊಂಡು ಅಂದು ಸಂಜೆ ನಮ್ಮ ಮನೆಗೆ ಬರುವವರಿದ್ದರು. ಮಿಣಮಿಣ ಬೆಳಕು ಕಣ್ಣಿಗೆ ಬೀಳಬಾರದೆಂದು ಡಾಕ್ಟರು ಹೇಳಿದ್ದರು. ನಮ್ಮ ಕಾಂಪೌಂಡಿನ ಉದ್ದಕ್ಕೂ ನಾನೇ ಹಾಕಿದ ಇಪ್ಪತ್ತನಾಲ್ಕು ದೀಪಗಳಿದ್ದವು, ಒಂದೊಂದೂ ಹದಿನಾರು ಬಣ್ಣಕ್ಕೆ ತಿರುಗುವಂಥವು. ಅಂಗಡಿಯವನು ಕುಣಿಸುವುದು ಹೇಗೆಂದು ತೋರಿಸಿದ್ದ. ನಿಲ್ಲಿಸುವುದು ಹೇಗೆಂದು ನಾನು ಕೇಳಿರಲಿಲ್ಲ. ಜೊತೆಗೆ ಬಂದ ಪುಸ್ತಿಕೆ ಓದುವ ಜಾಯಮಾನವೂ ನನ್ನದಲ್ಲ. ಅದನ್ನು ಕುಂಟುವ ಮೇಜಿನ ಕಾಲಡಿ ಇಟ್ಟಿದ್ದೆ. ಪೂರ್ತಿ ಆರಿಸಿಬಿಡೋಣವೆಂದರೆ ಹಳೇ ಬಲ್ಬನ್ನು ಆಗಲೇ ಕಿತ್ತು ಗುಜರಿಗೆ ಹಾಕಿಯಾಗಿತ್ತು. ಕತ್ತಲಲ್ಲಿ ಅತ್ತೆ ಮೆಟ್ಟಿಲು ಎಡವಿದರೆ ನನ್ನ ಗತಿ?

ಸಂಜೆ ರಿಮೋಟ್ ಹಿಡಿದು ಅಂಗಳಕ್ಕಿಳಿದೆ. ಬಿಳಿ ಗುಂಡಿ ಒತ್ತಿದೆ. ಬಿಳಿ ಬಂತು.

“ಬಂತು ನೋಡೇ!” ಎಂದು ಕೂಗಿದೆ.

ಅವಳು ಅಡುಗೆಮನೆಯಿಂದ ಬರುವಷ್ಟರಲ್ಲಿ ಕೆಂಪು.

“ಇದು ಬಿಳಿನಾ?”

ಮತ್ತೆ ಒತ್ತಿದೆ, ಮತ್ತೆ ಬಿಳಿ. ಹರಾಜಿನ ಠೀವಿಯಲ್ಲೇ ಸಾರಿದೆ: “ಬಿಳೀ ಒಂದು ಸಲ!” ಹಸಿರಾಯಿತು. “ಎರಡು ಸಲ!” ನೀಲಿ. “ಮೂರು ಸಲ!” ಅಂದಾಗ ನೇರಳೆಗೆ ತಿರುಗಿತು.

ಪಕ್ಕದ ಮನೆಯ ದರ್ಜಿ ಗೋಡೆಯ ಮೇಲಿಂದ ತಲೆ ಹಾಕಿದ. “ಸ್ವಾಮೀ, ನಿಮ್ಮ ದೀಪ ನಂಬಿ ಬಿಳಿ ಅಂಗಿಗೆ ಗುಲಾಬಿ ದಾರದಲ್ಲಿ ಕಾಜಾ ಹೊಲಿದಿದ್ದೀನಿ. ಗಿರಾಕಿಗೆ ಏನು ಹೇಳಲಿ?”

“ನನ್ನ ಅಂಗಳದ ಬೆಳಕಲ್ಲಿ ನಿಮಗೇನ್ರೀ ಹೊಲಿಗೆ?” ಎಂದು ನಾನು ಗುಡುಗಿದೆ. ಅವನೂ ಸೊಲ್ಲಿಗೆ ಸೊಲ್ಲು ಕೊಟ್ಟ. ನಮ್ಮ ಜಗಳದ ಒಂದೊಂದು ಮಾತಿಗೂ ಒಂದೊಂದು ಬಣ್ಣ. ಬೀದಿಯಲ್ಲಿ ಹೋಗುವವರು ನಿಂತು ಚಪ್ಪಾಳೆ ತಟ್ಟಿದರು. ದೀಪಗಳನ್ನಂತೂ ಹಿಡಿಯುವವರೇ ಇಲ್ಲದಂತಾಯಿತು.

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಕಪ್ಪು ಕನ್ನಡಕದ ಅತ್ತೆ ಇಳಿದವರೇ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ನಿಜ ಹೇಳುತ್ತೇನೆ, ಅದನ್ನು ಕಂಡು ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ದರ್ಜಿಯೂ ನಾಚಿ ಸುಮ್ಮನಾದ, ಜನವೂ ತೆಪ್ಪಗಾಯಿತು.

ದೀಪಗಳು ಹಸಿರಿನಲ್ಲಿ ನಿಂತವು. ನಿಂತೇ ಇದ್ದವು.

ನನ್ನವಳು ದೀಪಗಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಂದೊಂದೇ ಚಪ್ಪಾಳೆ ತಟ್ಟಿ ಬಣ್ಣ ಉರುಳಿಸುತ್ತಾ ಬಿಳಿಗೆ ತಂದು ನಿಲ್ಲಿಸಿದಳು. “ಇದು ಸದ್ದಿಗೆ ಬಣ್ಣ ಬದಲಾಯಿಸುತ್ತೆ ಕಣ್ರೀ,” ಎಂದು ಪಿಸುಗುಟ್ಟಿ, ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

ಅಲ್ಲಿಂದ ಶುರುವಾಯಿತು ನನ್ನ ಮಹಾಮೌನ. ಮೆಲ್ಲಗೆ ಮಾತಾಡಬಹುದಿತ್ತು, ಆದರೆ ಆ ವಿದ್ಯೆ ನನಗೆ ಬರುವುದಿಲ್ಲ. ಹಗಲೆಲ್ಲ ಮಾರುಕಟ್ಟೆಯಲ್ಲಿ ಕೂಗಿ, ಸಂಜೆ ಗೇಟು ದಾಟಿದೊಡನೆ ಬಾಯಿಗೆ ಬೀಗ. ಉಪ್ಪು ಬೇಕಾದರೆ ಕೈಸನ್ನೆ. ಅತ್ತೆಯ ಪಕ್ಕ ಕೂತು ಬಟಾಣಿ ಬಿಡಿಸಿದೆ. ಅವರ ಬಾಲ್ಯದ ಕಥೆಗಳನ್ನು ಒಮ್ಮೆಯೂ ನಡುವೆ ಬಾಯಿ ಹಾಕದೆ ಕೇಳಿದೆ. ಒಂದು ಸಂಜೆ ಬಾಗಿಲ ಸಂದಿಗೆ ಬೆರಳು ಸಿಕ್ಕಿತು. ಕೂಗು ನಾಲಿಗೆ ತುದಿಯವರೆಗೂ ಬಂದಿತ್ತು. ಟವೆಲು ಕಚ್ಚಿ ನುಂಗಿದೆ. ದೀಪ ಕದಲಲಿಲ್ಲ! ನಡುವೆ ಮೇಜು ಮತ್ತೆ ಕುಂಟತೊಡಗಿತ್ತು. ಯಾಕೆಂದು ಕೇಳೋಣವೆಂದರೆ ಬಾಯಿ ಬಿಡುವ ಹಾಗಿಲ್ಲ.

ಹತ್ತನೇ ದಿನ ಡಾಕ್ಟರು ಕಣ್ಣು ಪೂರ್ತಿ ಗುಣವಾಗಿದೆ ಎಂದರು. ಅಂದು ಸಂಜೆ ಅತ್ತೆ ಊರಿಗೆ ಹೊರಟಾಗ ಅಂಗಳದಲ್ಲಿ ಹಾಲಿನಂಥ ಬಿಳಿ ಬೆಳಕು. ಗೆದ್ದವನ ಗತ್ತಿನಲ್ಲಿ ನಿಂತು, ಹತ್ತು ದಿನದಿಂದ ಅದುಮಿಟ್ಟದ್ದನ್ನೆಲ್ಲ ಬಿಟ್ಟೆ: “ಬಿಳೀ ಒಂದು ಸಲ!”

ಬಿಳಿ ಬಿಳಿಯಾಗಿಯೇ ಇತ್ತು.

“ಎರಡು ಸಲ! ಮೂರು ಸಲ!”

ನಾಲ್ಕನೇ ಬೀದಿಯ ನಾಯಿ ಬೊಗಳಿತು. ದೀಪ ಜಪ್ಪಯ್ಯ ಅನ್ನಲಿಲ್ಲ. ನಾನು ಪೆಚ್ಚಾಗಿ ಹೆಂಡತಿಯ ಕಡೆ ತಿರುಗಿದೆ.

“ಮೇಜಿನ ಕೆಳಗಿನ ಪುಸ್ತಿಕೆ ಮಾರನೇ ದಿನವೇ ಓದಿದೆ ಕಣ್ರೀ,” ಅಂದಳು. “ಸದ್ದಿಗೆ ಕುಣಿಯೋದನ್ನ ಅವತ್ತೇ ನಿಲ್ಲಿಸಿದೆ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ನಾನೇ ಬೇಡ ಅಂದೆ, ಅಳಿಯಂದಿರೇ,” ಅಂದರು ಅತ್ತೆ ಆಟೋ ಹತ್ತುತ್ತಾ. “ಆಪರೇಷನ್ ಆಗಿದ್ದು ಕಣ್ಣಿಗೆ, ಸುಖ ಸಿಕ್ಕಿದ್ದು ಕಿವಿಗೆ. ಮುಂದಿನ ತಿಂಗಳು ಇನ್ನೊಂದು ಕಣ್ಣಿಂದು ಇದೆ. ಇಲ್ಲಿಗೇ ಬರ್ತೀನಿ.”