ನುಂಗಿಹೋದ ಒಂದು ‘ಎ’ಕಾರದ ವಿಮೆ

ಮಸಾಕಾ ಪೇಟೆಯ ನೀಲಿ ಗಾಜಿನ ಕಟ್ಟಡದಲ್ಲಿರುವ ವಿಮಾ ಕಂಪನಿಯ, ಅಪಾಯ ಅಳೆಯುವ ವಿಭಾಗದ ಮುಖ್ಯಸ್ಥರಾದ ಶ್ರೀ ಲುಯಿಂಬಾಜಿಯವರ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ, ತಾವು ಮಾಡುತ್ತಿರುವ ಕೆಲಸಕ್ಕೆ ವಂದನೆಗಳು. ಕಳೆ ಕೀಳುವವರನ್ನು, ಬಟ್ಟೆ ಒಗೆಯುವವರನ್ನು, ರಸ್ತೆಯ ಗುಂಡಿಯನ್ನು ಸುಮ್ಮನೆ ದಿಟ್ಟಿಸುತ್ತ ನಿಂತ ನಗರಸಭೆಯವರನ್ನು ಕೂಡ ‘ಕೆಲಸ ಮಾಡಿದಿರಿ, ಒಳ್ಳೆಯದಾಯಿತು’ ಎಂದು ವಂದಿಸದೆ ದಾಟಿಹೋಗುವುದು ನಮ್ಮೂರಿನಲ್ಲಿ ಅಸಭ್ಯತೆ. ಜಗಳಕ್ಕೆಂದೇ ಅಂಗಳಕ್ಕೆ ಬಂದವಳೂ ಮೊದಲು ಈ ಮಾತನ್ನಾಡಿ, ಮನೆಮಂದಿಯ ಕ್ಷೇಮ ಕೇಳಿ, ಆಮೇಲಷ್ಟೇ ನಡುಪಟ್ಟಿ ಬಿಗಿಯಬೇಕು. ಆದ್ದರಿಂದ ನಾನೂ ಕೇಳುತ್ತೇನೆ: ತಮ್ಮ ಮನೆಯವರು ಕ್ಷೇಮವೇ? ತಮ್ಮ ತಿರುಗುವ ಕುರ್ಚಿ ಕ್ಷೇಮವೇ? ಅಂಗಡಿಯಿಂದ ಬರುವಾಗ ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ತಾವಿನ್ನೂ ತೆಗೆದಿಲ್ಲವೆಂಬುದನ್ನು ಕಣ್ಣಾರೆ ಕಂಡು, ಅಪಾಯದ ವಿಷಯದಲ್ಲಿ ತಮಗಿರುವ ಎಚ್ಚರಕ್ಕೆ ಮನಸ್ಸಿನಲ್ಲೇ ಕೈಮುಗಿದು ಬಂದಿದ್ದೇನೆ.

ಈಗ ವಿಷಯ. ಬರುವ ಸೋಮವಾರ ನನ್ನ ಮಗಳಿಗೆ ಏಳನೇ ತರಗತಿಯ ಸರ್ಕಾರಿ ಪರೀಕ್ಷೆ. ನಮ್ಮ ಮನೆ ಗುಡ್ಡದ ಮೇಲೆ, ಶಾಲೆ ಜೌಗಿನ ಆಚೆ. ನಡುವೆ ಲಾರಿಗಳ ಹೆದ್ದಾರಿ, ಅದರ ಅಂಚಿಗೆ ಈ ಮಳೆಯಲ್ಲಿ ಮಣ್ಣೋ ನೀರೋ ತಿಳಿಯದ ಕಾಲುದಾರಿ. ಪರೀಕ್ಷೆಯ ಕೊಠಡಿಯ ಬಾಗಿಲು ಒಮ್ಮೆ ಮುಚ್ಚಿತೆಂದರೆ, ‘ದಾರಿ ಕೆಸರಾಗಿತ್ತು’ ಎಂದು ಅತ್ತರೂ ತೆರೆಯುವುದಿಲ್ಲ. ಅವಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಲು ನನ್ನ ಬಳಿ ಒಂದು ಕಾರಿದೆ. ಆದರೆ ಅದು ರಸ್ತೆಗಿಳಿಯುವಂತಿಲ್ಲ, ಏಕೆಂದರೆ ತಾವು ಅದನ್ನು ಟ್ಯಾಕ್ಸಿ ಎಂದು ಘೋಷಿಸಿದ್ದೀರಿ. ಟ್ಯಾಕ್ಸಿಯ ವಿಮೆ ಕಟ್ಟಲು ಟ್ಯಾಕ್ಸಿ ಓಡಿಸುವವರೇ ಒದ್ದಾಡುವಾಗ, ಕಾಲೇಜಿನಲ್ಲಿ ಕವಿತೆ ಪಾಠ ಮಾಡುವವಳ ಕೈಯಲ್ಲಿ ಎಲ್ಲಿಂದ ಆಗಬೇಕು?

ಈ ಕಾರಿನ ಪೂರ್ವಾಶ್ರಮವನ್ನು ತಾವು ಅರಿಯಬೇಕು. ಜಪಾನಿನಲ್ಲಿ ಯಾರದೋ ಸೇವೆ ಮಾಡಿ, ಮುಪ್ಪಿನಲ್ಲಿ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದ ಟೊಯೋಟಾ ಅದು. ಶಿಕ್ಷಕರ ಸಹಕಾರ ಸಂಘದ ಸಾಲದಲ್ಲಿ ಕೊಂಡದ್ದರಿಂದ, ಪೂರ್ಣ ವಿಮೆಯಿಲ್ಲದೆ ಹೊರಗೆ ತೆಗೆಯಕೂಡದೆಂಬುದು ಸಂಘದ ಷರತ್ತು. ಕೀಲಿ ತಿರುಗಿಸಿದಾಗಲೆಲ್ಲ ಅದರೊಳಗಿನ ಹೆಣ್ಣುದನಿಯೊಂದು ಜಪಾನಿ ಭಾಷೆಯಲ್ಲಿ ಏನನ್ನೋ ಹೇಳುತ್ತದೆ. ಇಷ್ಟು ವರ್ಷವಾದರೂ ಅದರ ಅರ್ಥ ನಮಗೆ ಆಗಿಲ್ಲ. ತಮ್ಮ ಪಾಲಿಸಿಯ ಅರ್ಥವೂ ಆಗಿಲ್ಲ. ಆದರೆ ಆ ದನಿಯಲ್ಲಿ ಸ್ವಲ್ಪ ಮರ್ಯಾದೆಯಿದೆ.

ಆ ಕಾರಿನಲ್ಲಿ ಪ್ರತಿ ಬೆಳಿಗ್ಗೆ ನನ್ನ ಮಗಳು ಕಿರಾಬೊಳ ಜೊತೆ ನೆರೆಮನೆಯ ಅವಳಿ ಹುಡುಗರಾದ ವಾಸ್ವ ಮತ್ತು ಕಾಟೊ, ಹಾಗೂ ಕೆಳಗಿನ ಮನೆಯ ನಕ್ಕು ಎಂಬ ಪುಟ್ಟ ಹುಡುಗಿ ಶಾಲೆಗೆ ಹೋಗುತ್ತಿದ್ದರು. ನಾನು ಯಾರಿಂದಲೂ ಬಿಡಿಗಾಸು ಮುಟ್ಟಿದವಳಲ್ಲ. ಆದರೆ ಅವಳಿಗಳ ತಾಯಿಯನ್ನು ತಾವು ಬಲ್ಲಿರಲ್ಲವೇ? ಅವಳಿ ಹೆತ್ತವಳಿಗೆ ನಮ್ಮಲ್ಲಿ ಸಲ್ಲುವ ‘ನಾಲೊಂಗೊ’ ಎಂಬ ಬಿರುದನ್ನು ಪೇಟದಂತೆ ಧರಿಸಿ ಓಡಾಡುವ ಆಕೆ, ವಾರಕ್ಕೊಂದು ಬಾಳೆಗೊನೆ ತಂದು ನನ್ನ ಡಿಕ್ಕಿಯಲ್ಲಿ ಮಲಗಿಸುತ್ತಿದ್ದಳು. ಬೇಡವೆಂದರೆ, “ಯಾಕೆ ಕಿರಾಬೊ ಅಮ್ಮಾ, ನಮ್ಮ ತೋಟದ ಬಾಳೆಕಾಯಿ ನಿಮ್ಮ ಓದಿದ ಹೊಟ್ಟೆಗೆ ಒಗ್ಗಲ್ವಾ?” ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ವಿಚಾರಿಸುತ್ತಿದ್ದಳು. ಬಂದ ಗಾಡಿಯನ್ನು ಬರಿದಾಗಿ ಕಳಿಸುವವರು ನಮ್ಮಲ್ಲಿ ಇಲ್ಲ. ಕೊಟ್ಟದ್ದನ್ನು ಹಿಂದಕ್ಕೆ ದೂಡಿ ಅದೇ ಗುಡ್ಡದಲ್ಲಿ ಬಾಳ್ವೆ ಮಾಡಿದವರೂ ಇಲ್ಲ.

ಹೀಗಿರಲು, ವಿಮೆ ಹೊಸದು ಮಾಡಿಸಲು ನಾನು ತಮ್ಮ ಮೇಜಿನ ಮುಂದೆ ಕುಳಿತ ಆ ಮಧ್ಯಾಹ್ನವನ್ನು ತಾವು ಮರೆತಿರಲಾರಿರಿ. ಇಂಗ್ಲಿಷಿನಲ್ಲಿ ಶುರುಮಾಡಿದ ತಾವು, ನನ್ನ ವಯಸ್ಸಿಗೆ ಗೌರವ ಕೊಟ್ಟೋ, ಇಂಗ್ಲಿಷಿನ ದಾಸ್ತಾನು ಮುಗಿದೋ, ನಡುವೆ ನಮ್ಮ ಭಾಷೆಗೆ ಇಳಿದು, ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಿರಿ: “ಮೇಡಂ, ಕಾರಲ್ಲಿ ಕಿರಾಬೊ ಇರುತ್ತಾ?” ನಾನು ಎಷ್ಟು ಹಿಗ್ಗಿದೆನೆಂದರೆ, ಅಪಾಯ ಅಳೆಯುವವರಿಗೂ ನನ್ನ ಮಗಳ ಹೆಸರು ಗೊತ್ತಿದೆಯಲ್ಲ ಎಂದು, “ಇರ್ತಾಳೆ ಸ್ವಾಮಿ, ದಿನಾ ಬೆಳಿಗ್ಗೆ, ಮುಂದಿನ ಸೀಟಲ್ಲೇ!” ಎಂದುಬಿಟ್ಟೆ. ನಮ್ಮ ಭಾಷೆಯಲ್ಲಿ ಇಂಥ ಕಡೆ ಕ್ರಿಯಾಪದ ಹೊಂದುವುದು ಜಾಗಕ್ಕೆ; ಅಲ್ಲಿರುವುದು ಮನುಷ್ಯರೋ ವಸ್ತುವೋ ಎಂದು ಅದು ಹೇಳುವುದಿಲ್ಲ. ಹಾಗಾಗಿ ‘ಇರ್ತಾಳೆ’ ಎಂಬುದು ತಮ್ಮ ಕಿವಿಗೆ ‘ಇರುತ್ತೆ’ ಎಂದೇ ಬಿತ್ತು. ತಾವು ಹುಬ್ಬೇರಿಸಿ, “ದಿನಾನಾ?” ಎಂದಿರಿ. “ಭಾನುವಾರ ಒಂದು ಬಿಟ್ಟು,” ಎಂದೆ, ತಾಯಿಯ ಹೆಮ್ಮೆಯಿಂದ. ತಮ್ಮ ಬೆರಳು ಒಂದು ಗುಂಡಿಯ ಮೇಲೆ ಬಿತ್ತು; ನನ್ನ ಕಾರು ಟ್ಯಾಕ್ಸಿಯಾಯಿತು.

ಇದು ಬಹಿರಂಗ ಪತ್ರವಾದ್ದರಿಂದ, ನಮ್ಮ ಭಾಷೆ ಅರಿಯದ ಓದುಗರಿಗಾಗಿ ಒಂದು ಮಾತು. ‘ಎಕಿರಾಬೊ’ ಎಂದರೆ ಉಡುಗೊರೆ. ಮುಂದಿನ ಆ ಪುಟ್ಟ ‘ಎ’ಕಾರವನ್ನು ತೆಗೆದರೆ ಮಕ್ಕಳಿಗಿಡುವ ಹೆಸರು. ಹಲವು ವರ್ಷ ಕಾದ ಮೇಲೆ ಹುಟ್ಟಿದ ಮಗುವಿಗೆ ಬೇರೆ ಹೆಸರು ಹೊಳೆಯಲಿಲ್ಲ. ಉಡುಗೊರೆ ಪಡೆದರೂ ಅದು ಬಾಡಿಗೆಯೇ ಎಂಬ ತಮ್ಮ ನಿಯಮದಂತೆ, ಪ್ರಯಾಣಿಕರಿಂದ ಉಡುಗೊರೆ ಪಡೆಯುತ್ತೀರಾ ಎಂದು ಕೇಳಹೊರಟ ತಾವು, ಊಟದ ನಂತರದ ಆಯಾಸದಲ್ಲಿ, ಆ ಒಂದು ಸ್ವರವನ್ನು ನುಂಗಿಬಿಟ್ಟಿರಿ. ಒಂದೇ ಸ್ವರದಿಂದ ಅರ್ಥ ಬುಡಮೇಲಾಗುವುದನ್ನು ನಾನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ, ಹುಡುಗರು ಆಕಳಿಸಿದ್ದಾರೆ. ಅದರಿಂದ ವಿಮೆಯ ಕಂತು ನಾಲ್ಕು ಪಟ್ಟಾಗುತ್ತದೆಂದು ಹೇಳಿಕೊಡಲು ತಾವೇ ಬೇಕಾಯಿತು. ಇಂಥ ಪಾಠವನ್ನು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ.

ಮರುದಿನವೇ ಓಡಿಬಂದು, ಕಿರಾಬೊ ಎಂಬುದು ನನ್ನ ಮಗಳು, ಸಾಮಾನಲ್ಲ ಎಂದು ನಿವೇದಿಸಿಕೊಂಡೆ. ತಾವು ಬಹಳ ಮರುಗಿದಿರಿ. “ಛೆ ಮೇಡಂ, ಒಂದ್ಸಲ ಯಂತ್ರದೊಳಗೆ ಹೋಯ್ತು ಅಂದ್ರೆ ಹೋಯ್ತು. ಅದಕ್ಕೇನು ಗೊತ್ತು ಮಗಳು ಯಾವುದು, ಮೂಟೆ ಯಾವುದು? ಬೇಕಾದ್ರೆ ಮಗಳ ಹೆಸರು ಬದಲಾಯಿಸ್ಕೊಂಡು ಬನ್ನಿ, ಹೊಸ ಅರ್ಜಿ ತಗೊಳ್ಳೋಣ.” ಇಷ್ಟು ಹೇಳಿ, ಕಿಟಕಿಯಾಚೆ ನಿಂತ ನನ್ನ ಕಾರನ್ನು ನೋಡಿದಿರಿ. ಆಗ ಅದರ ಡಿಕ್ಕಿಯ ಸಂದಿಯಿಂದ ನಾಲೊಂಗೊಳ ಬಾಳೆಗೊನೆಯ ತುದಿ ಹೊರಚಾಚಿ, ನಾಲಿಗೆ ಚಾಚಿ ಅಣಕಿಸುವಂತೆ ಕಾಣುತ್ತಿದ್ದುದು ನಿಜ. “ಅದೇನು ಮೇಡಂ, ಅದೂ ನಿಮ್ಮ ಮಗಳಾ?” ಎಂದಿರಿ. ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು.

ಆಮೇಲೆ ತಾವು ಗಂಭೀರರಾಗಿ ಹಿತವಚನ ಹೇಳಿದಿರಿ: ನೆರೆಯವರ ಮಕ್ಕಳನ್ನು ಹತ್ತಿಸಿಕೊಳ್ಳುವುದನ್ನು ಬಿಟ್ಟು ಒಂದು ವರ್ಷ ಕಳೆದರೆ, ನನ್ನ ಕಾರು ಮತ್ತೆ ಮರ್ಯಾದಸ್ಥ ಕಾರಾಗಬಹುದು. ಈ ಸಲಹೆಯನ್ನು ನಾನು ಮನೆಯ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಧ್ಯಾನಿಸಿದೆ. ಕೊಡೆಯೊಂದರ ಕೆಳಗೆ ಮೂರು ಮಕ್ಕಳು ಒತ್ತಿಕೊಂಡು ನಡೆಯುತ್ತಿರುವಾಗ, ಖಾಲಿ ಸೀಟುಗಳ ಕಾರಿನಲ್ಲಿ ನಾನೂ ನನ್ನ ಮಗಳೂ ಅವರ ಮೇಲೆ ಕೆಸರು ಹಾರಿಸುತ್ತ ಮುಂದೆ ಹೋಗಬೇಕು. ಸಂಜೆ ಅದೇ ನಾಲೊಂಗೊಳ ಮುಂದೆ ನಿಂತು ‘ಕೆಲಸ ಮಾಡಿದಿರಿ, ಒಳ್ಳೆಯದಾಯಿತು’ ಎನ್ನಬೇಕು. ಹಾಗೆ ಬದುಕುವ ಮುಖಕ್ಕೂ ತಮ್ಮಲ್ಲಿ ಒಂದು ವಿಮೆ ಇದ್ದೀತೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ವಿಮೆಯ ಅವಧಿ ಮುಗಿದಂದಿನಿಂದ ಕಾರು ಹಲಸಿನ ಮರದಡಿ ತಪಸ್ಸಿಗೆ ಕುಳಿತಿದೆ. ಕೋಳಿಗಳಿಗೆ ಅದು ಚಾವಡಿ. ಹೋದ ವಾರ ಹಣ್ಣೊಂದು ಬಿದ್ದು ಬಾನೆಟ್ಟು ನೆಗ್ಗಿತು. ಓಡುವಾಗ ಏನೂ ಆಗದೆ, ತಮ್ಮ ಆಜ್ಞೆಯಂತೆ ನಿಂತಿರುವಾಗ ಅಪಘಾತಕ್ಕೀಡಾದ ಬಹುಶಃ ಇದೊಂದೇ ಟ್ಯಾಕ್ಸಿ. ಮಕ್ಕಳೆಲ್ಲ ಈಗ ಸುಲಾನ ಬಾಡಿಗೆ ಬೈಕಿನಲ್ಲಿ ಹೋಗುತ್ತಾರೆ: ಟ್ಯಾಂಕಿನ ಮೇಲೆ ಪುಟ್ಟ ನಕ್ಕು, ಆಮೇಲೆ ಸುಲಾ, ಅವನ ಬೆನ್ನಿಗೆ ಅವಳಿಗಳು, ತುದಿಯಲ್ಲಿ ಎಲ್ಲರ ಚೀಲಗಳನ್ನು ತಬ್ಬಿಕೊಂಡು ಕಿರಾಬೊ. “ಹೆದರ್ಬೇಡಿ ಅಮ್ಮಾ, ಇನ್ನೊಬ್ರಿಗೆ ಜಾಗ ಇದೆ, ನೀವೂ ಬನ್ನಿ,” ಎನ್ನುತ್ತಾನೆ ಸುಲಾ. ಅವನ ಬೈಕಿಗೆ ವಿಮೆಯಿಲ್ಲ, ಕನ್ನಡಿಯಿಲ್ಲ, ಬ್ರೇಕಿನ ವಿಷಯದಲ್ಲಿ ದೇವರ ಇಚ್ಛೆ. ಅವನನ್ನು ಯಾರೂ ಕರೆದು, ‘ಬೈಕಿನಲ್ಲಿ ಕಿರಾಬೊ ಇರುತ್ತಾ’ ಎಂದು ಕೇಳಿಲ್ಲ. ಇರುತ್ತಾಳೆ ಮಾನ್ಯರೇ, ತುದಿಯಲ್ಲಿ, ಅರ್ಧ ಸೀಟು ಗಾಳಿಯಲ್ಲಿ.

ಮೊನ್ನೆ ಜೌಗಿನ ತಿರುವಿನಲ್ಲಿ ಬೈಕು ಹೂತುಕೊಂಡಿತು. ಎಲ್ಲರೂ ಇಳಿದರು. ಪುಟ್ಟ ನಕ್ಕು ಬಲಗಡೆಯಿಂದ ಇಳಿದಳು, ಅವಳ ಮೀನಖಂಡ ಕಾದ ಸೈಲೆನ್ಸರಿಗೆ ತಾಗಿತು. “ಅಳ್ಬೇಡ ಪುಟ್ಟಿ, ಈ ಮುದ್ರೆ ಇಲ್ದಿರೋ ಕಾಲು ನಮ್ಮೂರಲ್ಲಿ ಯಾರ್ದಿದೆ?” ಎಂದು ಸುಲಾ ತನ್ನ ಪ್ಯಾಂಟು ಮಡಿಚಿ ತೋರಿಸಿದನಂತೆ. ಸಂಜೆ ನಾನು ಮುಲಾಮು ಹಚ್ಚುವಾಗ, ಒಂದನೇ ತರಗತಿಯ ಆ ಮಗು ಹಲಸಿನ ಮರದ ಕಡೆ ನೋಡಿ ಕೇಳಿತು: “ಆಂಟಿ, ಕಾರಿಗೆ ಯಾವಾಗ ವಾಸಿ ಆಗುತ್ತೆ?” ಮಾನ್ಯರೇ, ತಮ್ಮ ಕಂಪನಿ ನನ್ನ ಕಾರಿನ ಗಾಜಿಗೆ ಅಂಟಿಸಬೇಕಾಗಿದ್ದ ದುಂಡನೆಯ ಚೀಟಿ ಈಗ ನಕ್ಕುವಿನ ಕಾಲಿನ ಮೇಲಿದೆ. ಗಾತ್ರವೂ ಅಷ್ಟೇ. ಅವಧಿ ಮಾತ್ರ ತಮ್ಮದಕ್ಕಿಂತ ಬಹಳ ಹೆಚ್ಚು; ಅದನ್ನು ವರ್ಷವರ್ಷವೂ ಹೊಸದು ಮಾಡಿಸಬೇಕಾಗಿಲ್ಲ.

ತಮ್ಮ ಪಾಲಿಸಿಯನ್ನು ನಾನು ಕವಿತೆಯಂತೆ, ಸಾಲು ಸಾಲಾಗಿ, ಮತ್ತೆ ಮತ್ತೆ ಓದಿದ್ದೇನೆ. ಅದರಲ್ಲಿ ಮೊದಲನೆಯವಳು ನಾನು, ಎರಡನೆಯವರು ತಾವು, ಮೂರನೆಯವನು ದಾರಿಯಲ್ಲಿ ನನಗೆ ಅಡ್ಡಬರಬಹುದಾದ ಯಾರೋ ಅಪರಿಚಿತ. ಇನ್ನೂ ಹುಟ್ಟದ ಅಪಘಾತದ, ಇನ್ನೂ ಮುಖ ತೋರಿಸದ ಆ ಮನುಷ್ಯನ ಮೇಲೆ ತಮಗಿರುವ ಕಾಳಜಿ ಕಂಡು ಕಣ್ಣು ತುಂಬಿತು. ಆದರೆ ದಿನವೂ ಬೆಳಿಗ್ಗೆ ಹಲ್ಲುಜ್ಜಿ, ಸಮವಸ್ತ್ರ ತೊಟ್ಟು, ಗೇಟಿನಲ್ಲಿ ನಿಲ್ಲುವ ಮಕ್ಕಳು ಎಷ್ಟನೆಯವರೆಂದು ಎಲ್ಲಿಯೂ ಸಿಗಲಿಲ್ಲ.

ತಮ್ಮ ದಯೆಯ ಮೇಲೆ ಭರವಸೆಯಿಟ್ಟು ಕೆಲವು ಬಿನ್ನಹಗಳು. ತಾವು ನುಂಗಿದ ಸ್ವರವನ್ನು, ಜೀರ್ಣವಾಗಿರದಿದ್ದರೆ, ದಯವಿಟ್ಟು ಹಿಂದಿರುಗಿಸಬೇಕು. ಕಂಪನಿಯ ಧೈರ್ಯವಂತ ಅಧಿಕಾರಿಯೊಬ್ಬರನ್ನು ಬೆಳ್ಳಂಬೆಳಿಗ್ಗೆ ನಮ್ಮ ಅಂಗಳಕ್ಕೆ ಕಳುಹಿಸಬೇಕು. ನಾಲೊಂಗೊಳ ಬಾಳೆಗೊನೆಯನ್ನು ನಾನಲ್ಲ, ಅವರೇ ಕಂಪನಿಯ ಪರವಾಗಿ, ಅವಳ ಕಣ್ಣಲ್ಲಿ ಕಣ್ಣಿಟ್ಟು ನಿರಾಕರಿಸಬೇಕು. (ಅವರಿಗೆ ಜೀವವಿಮೆ ಮಾಡಿಸಿಯೇ ಕಳುಹಿಸಿ.) ಅದೂ ಆಗದಿದ್ದರೆ, ಇನ್ನು ಮುಂದೆ ನಮ್ಮ ಮಣ್ಣಿನಲ್ಲಿ ಬಾಳೆ ಒಬ್ಬರಿಗೆ ಸಾಕಾಗುವಷ್ಟು ಮಾತ್ರ ಗೊನೆ ಬಿಡತಕ್ಕದ್ದೆಂದು, ತಮ್ಮ ಪ್ರಭಾವ ಬಳಸಿ ಒಂದು ಸುತ್ತೋಲೆ ಹೊರಡಿಸಬೇಕು.

ಮಗಳ ಹೆಸರು ಬದಲಾಯಿಸುವ ತಮ್ಮ ಸಲಹೆಯನ್ನು ನಾನು ನಗೆಯಾಗಿ ಮನೆಯಲ್ಲಿ ಹೇಳಿದ್ದೆ. ಆಕೆ ನಗಲಿಲ್ಲ. ಪುಸ್ತಕ ಮುಚ್ಚಿಟ್ಟು, “ಅಮ್ಮಾ, ಬದಲಾಯಿಸ್ಬಿಡು. ಪರೀಕ್ಷೆ ಮುಗಿಯೋವರೆಗೆ ಮಾತ್ರ. ನಕ್ಕು ಕಾರಲ್ಲಿ ಬರ್ಲಿ,” ಎಂದಳು. ಪರೀಕ್ಷೆಗೆ ಅವಳು ಹೆಸರು ಕೊಟ್ಟಿರುವುದು ಕಿರಾಬೊ ಎಂದೇ. ಬೇರೆ ಹೆಸರಿನವಳನ್ನು ಕೊಠಡಿಯೊಳಗೆ ಬಿಡುವುದಿಲ್ಲ. ಹೀಗಾಗಿ ಅವಳು ತನ್ನ ಹೆಸರಿನಿಂದ ಕಾರಿಗೆ ಸಲ್ಲಳು, ಬೇರೆ ಹೆಸರಿನಿಂದ ಪರೀಕ್ಷೆಗೆ ಸಲ್ಲಳು. ಇಷ್ಟು ಅಚ್ಚುಕಟ್ಟಾಗಿ ಎರಡೂ ಕಡೆ ಬೀಗ ಹಾಕುವ ವ್ಯವಸ್ಥೆಯನ್ನು ಕಟ್ಟಿದವರು ಸಾಮಾನ್ಯರಲ್ಲ. ತಮಗೆ ಮತ್ತೊಮ್ಮೆ ವಂದನೆಗಳು.

ತಮ್ಮ ಮೇಲೆ ವಿಶ್ವಾಸವಿಡುವುದಕ್ಕೂ ಕಂತು ಕಟ್ಟಬೇಕೆಂದು ಇನ್ನೂ ಯಾರೂ ಹೇಳದ ಕಾರಣ,
ತಮ್ಮ ವಿಶ್ವಾಸಿ,
ಡೊರೊಥಿ ನಾಮಯೆಂಗೊ

ತಾ.ಕ.: ಈ ಪತ್ರ ಮುಗಿಸುವ ಹೊತ್ತಿಗೆ ಒಂದು ಸಂತೋಷದ ಸುದ್ದಿ ಬಂತು. ಇಂದು ಬೆಳಿಗ್ಗೆ ಸುಲಾನ ಬೈಕು ಮತ್ತೆ ಕೈಕೊಟ್ಟು ಮಕ್ಕಳು ಮಳೆಯಲ್ಲಿ ನಿಂತಿದ್ದಾಗ, ಆ ದಾರಿಯಲ್ಲಿ ಬಂದ ಬಿಳಿ ವ್ಯಾನೊಂದು ನಿಂತಿತಂತೆ. “ಹತ್ರಿ, ಹತ್ರಿ! ಒಳಗೆ ಬರೀ ಕಾಗದದ ಕಟ್ಟುಗಳಿವೆ, ಅವಕ್ಕೂ ಒಂದಿಷ್ಟು ಮನುಷ್ಯರ ಸಹವಾಸ ಆಗ್ಲಿ,” ಎಂದು ಚಾಲಕ ಶ್ರೀ ಕಿಗ್ಗುಂಡು ಎಲ್ಲರನ್ನೂ ಶಾಲೆಯ ಬಾಗಿಲಿಗೇ ಮುಟ್ಟಿಸಿದರು. ವ್ಯಾನಿನ ಮೈಮೇಲೆ ತಮ್ಮ ಕಂಪನಿಯ ಹೆಸರು ದೊಡ್ಡ ನೀಲಿ ಅಕ್ಷರಗಳಲ್ಲಿದೆ. ಸುದ್ದಿ ತಿಳಿದ ನಾಲೊಂಗೊ ಪೇಟೆಗೆ ಓಡಿ, ಶ್ರೀ ಕಿಗ್ಗುಂಡು ಎಷ್ಟು ಬೇಡವೆಂದರೂ ಕೇಳದೆ, “ಸುಮ್ನಿರಪ್ಪ, ನನ್ನ ಮಕ್ಕಳ ತಲೆ ನೆನೀಲಿಲ್ಲ, ನಿನ್ನ ಗಾಡಿ ಬರಿದಾಗಿ ಹೋಗುತ್ತಾ?” ಎಂದು ಕಾಲು ಕಟ್ಟಿದ ಕೋಳಿಯೊಂದನ್ನು ಹಿಂದಿನ ಸೀಟಿನಡಿ ಇಟ್ಟುಬಂದಿದ್ದಾಳೆ. ತಮ್ಮದೇ ನಿಯಮದಂತೆ ಆ ವ್ಯಾನು ಈಗ ಟ್ಯಾಕ್ಸಿ, ಅದರ ವಿಮೆ ಅಸಿಂಧು. ಈ ಪತ್ರ ಓದುವವರನ್ನು ಬಿಟ್ಟು ಬೇರೆ ಯಾರಿಗೂ ನಾನು ಹೇಳಿಲ್ಲ. ಸೋಮವಾರ ಏಳು ಗಂಟೆಗೆ ಮಕ್ಕಳು ಅದೇ ತಿರುವಿನಲ್ಲಿ ನಿಂತಿರುತ್ತಾರೆ. ವ್ಯಾನು ತಡವಾಗದಂತೆ ನೋಡಿಕೊಳ್ಳಿ.