ಕಾಗದದ ಮೇಲೆ ಮೈಸೂರಿಗೆ

ವಿಮಾನ ಹಾರಿಸಲು ಕಲಿಯುವ ಮೊದಲು ಅದನ್ನು ಕಾಗದದ ಮೇಲೆ ಹಾರಿಸಿ ಅಭ್ಯಾಸ ಮಾಡಿಕೋ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರೂ ಹೇಳದ ಕೆಲಸವನ್ನು ಶ್ರದ್ಧೆಯಿಂದ ಮಾಡುವುದು, ಎಲ್ಲರೂ ಹೇಳಿದ ಕೆಲಸವನ್ನು ಮುಂದಕ್ಕೆ ಹಾಕುವುದು ನನ್ನ ಹುಟ್ಟುಗುಣ. ಪೈಲಟ್ ತರಬೇತಿಗೆ ಸೇರುವವನು ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ತರಬೇತಿ ಶಾಲೆಯವರು ಇದನ್ನು ಫೋನಿನಲ್ಲಿ ಹೇಳಿದರು, ಮತ್ತೆ ಖುದ್ದಾಗಿ ಹೋದಾಗಲೂ ಹೇಳಿದರು. ನಾನು ತಲೆಯಾಡಿಸಿ ಹೊರಗೆ ಬಂದು ಕೊಂಡದ್ದು ಮಾತ್ರ ವೈಮಾನಿಕರು ಬಳಸುವ ಒಂದು ದೊಡ್ಡ ನಕ್ಷೆ, ಒಂದು ಉದ್ದನೆಯ ಸ್ಕೇಲು, ಒಂದು ಕೋನಮಾಪಕ ಮತ್ತು ಗಾಳಿಯ ಲೆಕ್ಕ ಹಾಕಲು ಕೈಯಲ್ಲಿ ತಿರುಗಿಸುವ ಒಂದು ದುಂಡನೆಯ ತಟ್ಟೆ. ಸೂಜಿ ಚುಚ್ಚಿಸಿಕೊಳ್ಳುವುದಕ್ಕಿಂತ ಗೆರೆ ಎಳೆಯುವುದು ಸುಖವಲ್ಲವೇ?

ನಾನು ಜಯನಗರದ ಒಂದು ವಿಮಾ ಕಚೇರಿಯಲ್ಲಿ ಕ್ಲೇಮು ವಿಭಾಗದ ಗುಮಾಸ್ತ. ಬಿದ್ದವರು, ಸುಟ್ಟುಕೊಂಡವರು, ಲಾರಿಗೆ ಸಿಕ್ಕವರು, ಇವರೆಲ್ಲ ನಿಜವಾಗಿಯೂ ಹಾಗಾದರೇ ಎಂದು ಅನುಮಾನಿಸುವುದಕ್ಕೆ ನನಗೆ ಸಂಬಳ. ಇಂಥ ಕೆಲಸದಲ್ಲಿ ಮೂವತ್ತು ದಾಟಿದವನಿಗೆ ಆಕಾಶದ ಕಡೆ ಮನಸ್ಸು ಹೋದರೆ ಅದು ಆಸೆಯೋ, ತಪ್ಪಿಸಿಕೊಳ್ಳುವ ಉಪಾಯವೋ ಹೇಳುವುದು ಕಷ್ಟ. ಚಿಕ್ಕಲಸಂದ್ರದ ನಮ್ಮ ಮನೆಯ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಜಕ್ಕೂರಿನ ವಿಮಾನ ಮೈದಾನದಿಂದ ಮೈಸೂರಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಗೆರೆ ಎಳೆದರೆ ಮುಗಿಯಲಿಲ್ಲ. ನಿಜವಾದ ಉತ್ತರ ದಿಕ್ಕೇ ಬೇರೆ, ದಿಕ್ಸೂಚಿ ತೋರಿಸುವ ಉತ್ತರವೇ ಬೇರೆ, ಅದಕ್ಕೊಂದು ತಿದ್ದುಪಡಿ. ಗಾಳಿ ಪಕ್ಕದಿಂದ ತಳ್ಳಿದರೆ ವಿಮಾನದ ಮೂತಿಯನ್ನು ಎಷ್ಟು ತಿರುಗಿಸಬೇಕು, ಎಷ್ಟು ಹೊತ್ತಾಗುತ್ತದೆ, ಎಷ್ಟು ಇಂಧನ ಬೇಕು, ಮೈಸೂರಿನಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ ಹೋಗುವುದು, ಎಲ್ಲಕ್ಕೂ ಲೆಕ್ಕ. ಈಗ ಇದೆಲ್ಲ ಫೋನಿನಲ್ಲೇ ಬರುತ್ತದಲ್ಲ ಎಂದು ಕಚೇರಿಯವರು ನಕ್ಕರು. ಅಮ್ಮ ನಗಲಿಲ್ಲ. ಊಟದ ಹೊತ್ತಿಗೆ ಹುಳಿಯ ಪಾತ್ರೆಯನ್ನು ತಂದು ಮಾಗಡಿಯ ಮೇಲೆ ಇಟ್ಟರು. ಕಾಗದದ ಮೇಲೆ ಅಚ್ಚುಕಟ್ಟಾದ ಕಂದು ವೃತ್ತ ಮೂಡಿತು. ಅಂದಿನಿಂದ ಅದನ್ನು ನಿಷೇಧಿತ ವಾಯುಪ್ರದೇಶವೆಂದು ಭಾವಿಸಿ ನಾನು ಸುತ್ತುಬಳಸಿ ಹೋಗತೊಡಗಿದೆ.

ಈ ಆಟ ಹೀಗೇ ನಡೆಯುತ್ತಿರುವಾಗ ನಮ್ಮಣ್ಣನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದವು. ಅಣ್ಣ ಶ್ರೀಕಂಠ ನನಗಿಂತ ಎಂಟು ವರ್ಷ ದೊಡ್ಡವನು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಅಪ್ಪ ಹೋದಮೇಲೆ ನನ್ನನ್ನು ಓದಿಸಿದವನು. ಕಾಲು ಊದಿಕೊಂಡಿದೆ ಎಂದು ಆಸ್ಪತ್ರೆಗೆ ಹೋದವನು ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂಬ ತೀರ್ಪು ಹೊತ್ತು ಬಂದ. ಅತ್ತಿಗೆ ವಸುಧಾ ಅಂಗಡಿಯಲ್ಲಿ ಕೂತರು. ಅಣ್ಣನನ್ನು ಜಯನಗರದ ಡಯಾಲಿಸಿಸ್ ಕೇಂದ್ರಕ್ಕೆ ಕರೆದುಕೊಂಡು ಹೋಗುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬಂತು.

ಒಂದು ಕೈ ಅಲ್ಲಾಡಿಸದೆ ನಾಲ್ಕು ಗಂಟೆ ಮಲಗುವುದೆಂದರೆ ಏನೆಂದು ನೋಡದವರಿಗೆ ಹೇಳಲಾಗುವುದಿಲ್ಲ. ದೇಹದ ರಕ್ತವೆಲ್ಲ ಕೊಳವೆಯಲ್ಲಿ ಹೊರಗೆ ಹೋಗಿ ಯಂತ್ರ ಸುತ್ತಿ ವಾಪಸು ಬರುತ್ತಿರುತ್ತದೆ. ಟಿವಿಯಲ್ಲಿ ಯಾರೋ ಅಡುಗೆ ಮಾಡುತ್ತಿರುತ್ತಾರೆ, ಅದನ್ನು ನೋಡುತ್ತಿರುವವರಿಗೆ ಉಪ್ಪಿಲ್ಲ, ಹಣ್ಣಿಲ್ಲ, ನೀರೂ ಅಳತೆಯದು. ಮೊದಲ ವಾರದಲ್ಲೇ ಅಣ್ಣ ಗೋಡೆ ನೋಡುತ್ತ ಮಾತು ಬಿಟ್ಟ. ಏನು ಮಾಡಬೇಕೋ ತೋಚದೆ ಒಂದು ದಿನ ನಕ್ಷೆಯನ್ನು ತೆಗೆದುಕೊಂಡು ಹೋಗಿ ಅವನ ಕಾಲಿನ ಮೇಲೆ ಹರಡಿದೆ. ಮೈಸೂರಿಗೆ ಹೋಗಿಬರೋಣ ಎಂದೆ. ಅವನು ಬಹಳ ಹೊತ್ತು ನೋಡಿದ. ಎಲ್ಲಕ್ಕಿಂತ ಹೆಚ್ಚು ಹೊತ್ತು ಅವನ ಕಣ್ಣು ನಿಂತದ್ದು ಕನ್ನಂಬಾಡಿ ಜಲಾಶಯದ ನೀಲಿಯ ಮೇಲೆ.

ಆಮೇಲೆ ಅವನೇ ನನ್ನ ಲೆಕ್ಕ ತಿದ್ದತೊಡಗಿದ. ನಾನು ಯಾವಾಗಲೂ ಬೆನ್ನಿಂದ ಬೀಸುವ ಗಾಳಿಯನ್ನೇ ಊಹಿಸಿಕೊಳ್ಳುತ್ತಿದ್ದೆ. ಅಣ್ಣ ಎದುರುಗಾಳಿ ಕೊಡುತ್ತಿದ್ದ. ಒಂದು ಸಲ ಅವನು ಕೊಟ್ಟ ಗಾಳಿಗೆ ನಮ್ಮ ಇಂಧನ ಮೈಸೂರು ಮುಟ್ಟುವ ಮೊದಲೇ ಮುಗಿದುಹೋಯಿತು. ಎಲ್ಲಿದ್ದೀವಿ ಎಂದು ಕೇಳಿದ. ಮದ್ದೂರಿನ ಮೇಲೆ ಎಂದೆ. ಸದ್ಯ, ಬಿದ್ದರೂ ವಡೆ ಸಿಗುವ ಜಾಗದಲ್ಲೇ ಬಿದ್ದೆವು ಎಂದ. ಅವನಿಗೆ ವಡೆ ತಿನ್ನುವ ಹಾಗಿರಲಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೆ ನೆನಪಾಯಿತು.

ಪಕ್ಕದ ಹಾಸಿಗೆಯಲ್ಲಿ ಶಾಮಣ್ಣ ಎಂಬ ವೃದ್ಧರಿದ್ದರು, ಬಸವನಗುಡಿಯವರು, ನಿವೃತ್ತ ಡ್ರಾಯಿಂಗ್ ಮೇಷ್ಟರು. ನಮ್ಮ ಹಾರಾಟ ನೋಡಿ ನೋಡಿ, ತಮಗೂ ಹಿಂದಿನ ಸೀಟಿನಲ್ಲಿ ಜಾಗ ಇದೆಯೇ ಎಂದು ವಿಚಾರಿಸಿದರು. ಸಣ್ಣ ವಿಮಾನದಲ್ಲಿ ಕೂರುವ ಪ್ರತಿಯೊಬ್ಬರ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು. ಡಯಾಲಿಸಿಸ್‌ಗೆ ಮುಂಚಿನ, ಮೈಯಲ್ಲಿ ನೀರು ತುಂಬಿದ ತೂಕ ಬೇಕೋ, ಆಮೇಲಿನದೋ ಎಂದು ಅವರು ಗಂಭೀರವಾಗಿ ಕೇಳಿದರು. ಮುಂಚಿನದನ್ನೇ ಬರೆದುಕೊಂಡೆ. ಹಲವು ವಾರ ಅವರು ನಮ್ಮ ಪ್ರಯಾಣಿಕರಾಗಿದ್ದರು. ಕೆರೆಯ ಆಕಾರ ನೋಡಿ ಅದು ಯಾವ ಕೆರೆ ಎಂದು ಹೇಳುವುದರಲ್ಲಿ ನಿಪುಣರು, ಬೇಗೂರು ಕೆರೆಯನ್ನಂತೂ ಒಂದೇ ನೋಟಕ್ಕೆ ಗುರುತಿಸಿದರು. ಒಂದು ಶನಿವಾರ ಹೋದಾಗ ಆ ಹಾಸಿಗೆಗೆ ಹೊಸ ಬಿಳಿ ಬಟ್ಟೆ ಹಾಸಿತ್ತು. ನರ್ಸ್ ನಮ್ಮ ಕಡೆ ನೋಡದೆ ಯಂತ್ರದ ಗುಂಡಿ ಒತ್ತುತ್ತಿದ್ದಳು. ನಾನು ನಕ್ಷೆ ಬಿಚ್ಚಲೋ ಬೇಡವೋ ಎಂದು ಕೂತಿದ್ದಾಗ ಅಣ್ಣ ಹೇಳಿದ, "ತೂಕದ ಲೆಕ್ಕ ಸರಿ ಮಾಡ್ಕೊ. ಹಿಂದಿನ ಸೀಟ್ ಖಾಲಿ." ನಾನು ರಬ್ಬರು ತೆಗೆದುಕೊಂಡು ಶಾಮಣ್ಣನವರನ್ನು ಅಳಿಸಿದೆ. ಕಾಗದದ ಮೇಲಿನ ಹಾರಾಟದಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ತಿಳಿದಿದ್ದೆ.

ಆ ತಿಂಗಳೇ ವೈದ್ಯರು ಕಸಿಯ ಮಾತು ತೆಗೆದರು. ಮನೆಯವರಲ್ಲಿ ಯಾರಾದರೂ ಕಿಡ್ನಿ ಕೊಟ್ಟರೆ ಒಳ್ಳೆಯದು ಎಂದರು. ಅಮ್ಮನಿಗೆ ಹಳೆಯ ಸಕ್ಕರೆ ಕಾಯಿಲೆ, ಅವರದು ಆಗುವುದಿಲ್ಲ. ನನ್ನದೂ ಅಣ್ಣನದೂ ಒಂದೇ ರಕ್ತದ ಗುಂಪು. ಕೊಡು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಆದರೆ ನನ್ನ ತಟ್ಟೆಗೆ ತುಪ್ಪ ಹೆಚ್ಚಾಯಿತು. ರಾತ್ರಿ ನೆನೆಸಿದ ಬಾದಾಮಿ ಬೆಳಗ್ಗೆ ಸಿಪ್ಪೆ ಸುಲಿದು ಬಂತು. ಹಬ್ಬಕ್ಕೆ ಮುಂಚೆ ಕುರಿಗೆ ಇಂಥ ಉಪಚಾರ ನಡೆಯುವುದನ್ನು ನಾನು ನೋಡಿದ್ದೇನೆ. ಒಂದು ಮಧ್ಯಾಹ್ನ ಕಚೇರಿಯ ಮೆಟ್ಟಿಲ ಮೇಲೆ ನಿಂತು, ಪೈಲಟ್‌ಗಳ ಪರೀಕ್ಷೆ ಮಾಡುವ ವೈದ್ಯರೊಬ್ಬರಿಗೆ ಫೋನ್ ಮಾಡಿದೆ. ಒಬ್ಬ ಸ್ನೇಹಿತನ ವಿಷಯ ಎಂದು ಸುಳ್ಳು ಹೇಳಿ, ಒಂದೇ ಕಿಡ್ನಿ ಇದ್ದವನು ಪೈಲಟ್ ಆಗಬಹುದೇ ಎಂದು ಕೇಳಿದೆ. ಈಗಲೇ ಹೇಳಲಾಗದು, ಎಲ್ಲ ಪರೀಕ್ಷೆ ನೋಡಿ ತೀರ್ಮಾನಿಸುತ್ತಾರೆ ಎಂದರು. ಕ್ಲೇಮು ವಿಭಾಗದಲ್ಲಿ ನಾನು ಜನರಿಗೆ ದಿನವೂ ಕೊಡುವ ಉತ್ತರ ಅದೇ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಅಣ್ಣನಿಗೆ ನನ್ನ ಮುಖ ಓದಲು ಬರುತ್ತದೆ. ಮುಂದಿನ ಸಲ ಯಂತ್ರ ಶುರುವಾದ ಮೇಲೆ ಅವನು ನಕ್ಷೆ ಬೇಡ ಎಂದ.

"ಸುಧಿ, ನೀನು ಟೆಸ್ಟ್‌ಗೆ ಹೋಗ್ಬೇಡ. ಆಮೇಲೆ ನಿನ್ನ ಪೈಲಟ್ ಕೆಲಸಕ್ಕೆ ತಗೋತಾರೋ ಇಲ್ವೋ."

"ತಗೊಳಲ್ಲ ಅಂತ ಯಾರೂ ಹೇಳಿಲ್ಲ."

"ತಗೋತೀವಿ ಅಂತಾನೂ ಹೇಳಿಲ್ಲ ತಾನೆ? ನಂಗೆ ಇದು ಅಭ್ಯಾಸ ಆಗ್ಹೋಗಿದೆ ಕಣೋ. ನಡೀತಾ ಇದೆಯಲ್ಲ."

ಅವನ ತುಟಿ ಒಣಗಿ ಬಿಳಿಚಿಕೊಂಡಿತ್ತು. ನನಗೆ ಮೊದಲು ಅನ್ನಿಸಿದ್ದು ದುಃಖವಲ್ಲ, ಬಿಡುಗಡೆ. ಅದು ಅರ್ಧ ಗಂಟೆಯೂ ಉಳಿಯಲಿಲ್ಲ. ಮಾತಾಡುತ್ತಿದ್ದ ಹಾಗೇ ಅಣ್ಣನ ರಕ್ತದೊತ್ತಡ ಕುಸಿದು, ಕಣ್ಣು ಮೇಲೆ ಸಿಕ್ಕಿಕೊಂಡಿತು. ನರ್ಸುಗಳು ಓಡಿಬಂದು ನನ್ನನ್ನು ಹೊರಗೆ ಕಳಿಸಿದರು. ಮಡಿಸಿದ ನಕ್ಷೆಯನ್ನು ಎದೆಗೆ ಅವುಚಿಕೊಂಡು ಬಾಗಿಲ ಗಾಜಿನಲ್ಲಿ ಅವನ ಪಾದಗಳನ್ನಷ್ಟೇ ನೋಡುತ್ತ ನಿಂತಿದ್ದೆ. ಅವನು ಚೇತರಿಸಿಕೊಂಡ. ಸಂಜೆ ಮನೆಗೆ ಬಂದು, ಪರೀಕ್ಷೆಗೆ ಹೋಗುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ತಲೆ ಸವರಿದರು. ನನಗೇ ನನ್ನ ಮೇಲೆ ಗೌರವ ಬಂದುಬಿಟ್ಟಿತು. ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ತ್ಯಾಗಿಗಳ ಕಳೆ ಇದ್ದ ಹಾಗೇ ಕಂಡಿತು.

ಸ್ಕ್ಯಾನಿಂಗಿಗೆ ಅತ್ತಿಗೆ ಜೊತೆಗೆ ಬಂದರು. ಅಲ್ಲಿಯ ಸಿಬ್ಬಂದಿ ಹೊಟ್ಟೆ ತುಂಬ ನೀರು ಕುಡಿಯಿರಿ ಎಂದರು. ಅಣ್ಣನಿಗೆ ಇಡೀ ದಿನಕ್ಕೆ ಕೊಡುವಷ್ಟನ್ನು ಅತ್ತಿಗೆಯ ಎದುರೇ ಗಟಗಟ ಕುಡಿದು ಒಳಗೆ ಹೋದೆ. ಡಾಕ್ಟರು ತಣ್ಣನೆಯ ಜೆಲ್ ಸವರಿ ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು. ಬಲಗಡೆ ಬೇಗ ಮುಗಿಯಿತು. ಎಡಗಡೆಗೆ ಬಂದು ಆಡಿಸಿದರು, ಒತ್ತಿದರು, ಮಗ್ಗುಲಾಗಲು ಹೇಳಿದರು, ಮತ್ತೆ ಒತ್ತಿದರು.

"ಹಿಂದೆ ಯಾವಾಗ್ಲಾದ್ರೂ ಆಪರೇಷನ್ ಆಗಿತ್ತಾ?"

"ಇಲ್ಲ ಮೇಡಂ."

"ಎಡಗಡೆ ಕಿಡ್ನಿ ಇಲ್ಲ ನಿಮಗೆ."

ಅಲ್ಲೇ ಎಲ್ಲಾದರೂ ಇರಬಹುದು, ಇನ್ನೊಮ್ಮೆ ನೋಡಿ ಎಂದೆ, ಕನ್ನಡಕ ಕಳೆದುಕೊಂಡವನ ಹಾಗೆ. ಅವರು ಸಮಾಧಾನದಿಂದ ವಿವರಿಸಿದರು: ಕೆಲವರು ಹುಟ್ಟುವುದೇ ಒಂದು ಕಿಡ್ನಿಯೊಂದಿಗೆ, ಬಹಳ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ, ಇರುವ ಒಂದು ಚೆನ್ನಾಗಿದೆ, ಹೆದರಬೇಡಿ, ಆದರೆ ಕೊಡುವ ಮಾತಿಲ್ಲ. ಆಮೇಲೆ ಮಾಡಿದ ಇನ್ನೊಂದು ದೊಡ್ಡ ಸ್ಕ್ಯಾನ್ ಕೂಡ ಅದನ್ನೇ ಹೇಳಿತು. ಕೊಡಲೋ ಬೇಡವೋ ಎಂದು ವಾರಗಟ್ಟಲೆ ನಾನು ನಿದ್ದೆಗೆಟ್ಟು ಒದ್ದಾಡಿದ್ದು ನನ್ನಲ್ಲಿ ಇಲ್ಲದೇ ಇದ್ದ ವಸ್ತುವಿಗಾಗಿ. ಕ್ಲೇಮಿನಲ್ಲಿ ಇಂಥದ್ದು ಬಂದಿದ್ದರೆ ನಾನೇ ವಜಾ ಮಾಡುತ್ತಿದ್ದೆ.

ಹೊರಗೆ ಬೆಂಚಿನ ಮೇಲಿದ್ದ ಅತ್ತಿಗೆಗೆ ವಿಷಯ ಹೇಳಿದೆ. ಅವರು ಒಂದು ಕ್ಷಣ ನನ್ನ ಹೊಟ್ಟೆಯನ್ನೇ ನೋಡಿದರು.

"ಸರಿ ಬಿಡು ಸುಧಿ, ನಾನೇ ಕೊಡ್ತೀನಿ. ನನ್ನ ಬ್ಲಡ್ ಆಗತ್ತೆ ಅಂತ ಆವಾಗ್ಲೇ ಕೇಳ್ಕೊಂಡು ಬಂದಿದೀನಿ."

ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅತ್ತೆಗೆ ರಕ್ತ ಸಂಬಂಧದ್ದೇ ಒಳ್ಳೇದು ಅಂತ ಇತ್ತು. ನನ್ನ ಯಾರೂ ಕೇಳ್ಲೂ ಇಲ್ಲ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ನಿಜ, ತುಪ್ಪ ಬಡಿಸುವಾಗ ನಾವ್ಯಾರೂ ಅತ್ತಿಗೆಯ ತಟ್ಟೆಯ ಕಡೆ ನೋಡಿರಲೇ ಇಲ್ಲ.

ಆಪರೇಷನ್ ಆಯಿತು. ಅಣ್ಣ ಬೇಗ ಎದ್ದು ಕೂತ. ಎದ್ದವನೇ ಒಂದು ಇಡೀ ಲೋಟ ನೀರನ್ನು ಯಾರನ್ನೂ ಕೇಳದೆ ಕುಡಿದು, ಲೋಟ ಕೆಳಗಿಟ್ಟು ಅತ್ತ. ಅತ್ತಿಗೆಯ ನೋವು ಬಹಳ ದಿನ ಉಳಿಯಿತು. ಅವರು ಅದನ್ನು ಹೇಳಿಕೊಳ್ಳದ ಕಾರಣ ಮನೆಯಲ್ಲಿ ಅದು ಮುಗಿದುಹೋದ ವಿಷಯವೆಂದಾಯಿತು. ಅಣ್ಣನ ಹಳೆಯ ಕಿಡ್ನಿಗಳನ್ನು ಹಾಗೇ ಒಳಗೆ ಬಿಟ್ಟಿದ್ದಾರೆ. ಹೀಗಾಗಿ ಈಗ ಅವನಿಗೆ ಮೂರು, ಎರಡು ನಿವೃತ್ತ, ಒಂದು ಸೇವೆಯಲ್ಲಿ. ಅತ್ತಿಗೆಗೆ ಒಂದು, ನನಗೆ ಒಂದು. ನಾನು ಕೊನೆಗೂ ವೈದ್ಯಕೀಯ ಪರೀಕ್ಷೆಗೆ ಹೋದೆ. ಸದ್ಯಕ್ಕೆ ಅನರ್ಹ, ತಜ್ಞರ ಅಭಿಪ್ರಾಯ ಬಂದ ಮೇಲೆ ನೋಡೋಣ ಎಂದಿದ್ದಾರೆ. ನೋಡುತ್ತಲೇ ಇದ್ದಾರೆ.

ಹಾಗಾಗಿ ನಾನು ಇನ್ನೂ ಊಟದ ಮೇಜಿನ ಮೇಲೇ ಹಾರುತ್ತಿದ್ದೇನೆ. ಹೋದ ಭಾನುವಾರ ಗ್ಯಾಸ್ ಸಿಲಿಂಡರ್ ಬಂತು. ತಂದವನು ಅದನ್ನು ಬಾಗಿಲಲ್ಲಿ ಇಳಿಸಿ ಹೋದ. ನಾನು ಪೆನ್ಸಿಲು ಕೆಳಗಿಟ್ಟು ಏಳುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಓಡಿಬಂದು ನನ್ನ ಭುಜ ಹಿಡಿದು ಕೂರಿಸಿದರು. "ನೀನು ಎತ್ತಬೇಡಪ್ಪ. ಇರೋದೊಂದು, ಜೋಪಾನ." ಅಂಗಡಿಗೆ ಹೊರಟಿದ್ದ ಅತ್ತಿಗೆ ಅದನ್ನು ಕೇಳಿಸಿಕೊಂಡು, ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಸಿಲಿಂಡರನ್ನು ಉರುಳಿಸುತ್ತ ಒಳಗೆ ತಂದರು. ನನ್ನ ಕುರ್ಚಿಯ ಹತ್ತಿರ ಬಂದಾಗ ಒಂದು ಕ್ಷಣ ನಿಂತು ನನ್ನನ್ನು ನೋಡಿದರು. ಏನಾದರೂ ಹೇಳಬೇಕಿತ್ತು. ಶ್ರೀರಂಗಪಟ್ಟಣದ ಹತ್ತಿರ ಗಾಳಿಯ ಲೆಕ್ಕ ಅರ್ಧಕ್ಕೆ ನಿಂತಿತ್ತು. ನಾನು ಎರಡೂ ಕಾಲು ಮೇಲೆತ್ತಿಕೊಂಡು ಅವರಿಗೆ ದಾರಿ ಬಿಟ್ಟೆ.