ಉಸುಕಿನಲ್ಲಿ ಮಲಗಿದ್ದ ಬಾಟಲಿ

ನನ್ನ ಸೋದರಮಾವ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೆ ವೈನನ್ನು ಮನೆಯಲ್ಲಿ ಹೇಗೆ ಇಡಬೇಕು ಎಂಬ ವಿಷಯದಲ್ಲಿ ಇಡೀ ರಾಯಚೂರು ಜಿಲ್ಲೆಯಲ್ಲಿ ಅವನಷ್ಟು ತಿಳಿದವರು ಯಾರೂ ಇರಲಿಲ್ಲ! ಆ ತಿಳಿವಳಿಕೆಗೆ ದಂಡ ತೆತ್ತವರು ಮಾತ್ರ ನಾನು ಮತ್ತು ನಮ್ಮ ಅತ್ತೆ. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಮಾತು. ಮಾಮಾ ಮಾನ್ವಿಯಲ್ಲಿ ಕಾಲುವೆ ಕೆಲಸದ ಸ್ಟೋರ್ ಕೀಪರ್. ಮಕ್ಕಳಿಲ್ಲದ ಆ ಮನೆಯಲ್ಲಿ ನಾನು ಹೈಸ್ಕೂಲು ಓದಲು ಬಂದು ಉಳಿದಿದ್ದೆ. ಯಾರೋ ಪುಣ್ಯಾತ್ಮರು ಮಾಮಾ ಸಿಮೆಂಟಿನ ಚೀಲ ಮಾರಿಕೊಳ್ಳುತ್ತಾನೆಂದು ಮೂಗರ್ಜಿ ಬರೆದರು. ಮಾಮಾ ಅನ್ನ ನೀರು ಬಿಟ್ಟ. ಆಗ ಮೈಸೂರು ಕಡೆಯ ಎಂಜಿನಿಯರ್ ಸಾಹೇಬರು ತಾವೇ ಸ್ಟೋರಿಗೆ ಬಂದು, ಒಂದೊಂದು ಚೀಲವನ್ನೂ ನೋಡಿ, ಎಲ್ಲರೆದುರಿಗೆ, “ಈ ಮನುಷ್ಯನ ಕೈಯಲ್ಲಿ ಇಟ್ಟ ವಸ್ತು ಎಲ್ಲೂ ಹೋಗಲ್ಲ” ಎಂದರು. ಆ ಒಂದು ಮಾತಿಗೆ ಮಾಮಾ ಸಾಹೇಬರ ಭಕ್ತನಾಗಿಬಿಟ್ಟ.

ವರ್ಗವಾಗಿ ಹೋಗುವ ದಿನ ಸಾಹೇಬರು ಪೇಪರಿನಲ್ಲಿ ಸುತ್ತಿದ ಬಾಟಲಿಯೊಂದನ್ನು ಮಾಮಾನ ಕೈಗಿತ್ತರು.

“ಒಳ್ಳೇ ವೈನ್ ಇದು. ನನ್ನ ಹತ್ತಿರ ಇದ್ದರೆ ಈ ವಾರವೇ ಮುಗಿದುಹೋಗುತ್ತೆ. ನೀವು ಇಟ್ಟುಕೊಂಡಿರಿ, ರಿಟೈರ್ ಆದಮೇಲೆ ಬಂದು ಕುಡೀತೀನಿ. ಮಲಗಿಸಿ ಇಡಬೇಕು. ತಂಪಾಗಿರಬೇಕು. ಬೆಳಕು ಬೀಳಬಾರದು, ಅಲುಗಾಡಬಾರದು.”

ಮಾಮಾ ಆ ನಾಲ್ಕೂ ಮಾತುಗಳನ್ನು ಹಾಳೆಯ ಮೇಲೆ ಬರೆದು ದೇವರ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿದ. ಅತ್ತೆ ಓದಿ ಮೂಗು ಮುರಿದಳು.

“ಯಾಕ್ರೀ, ನಿಲ್ಲಿಸಿದ್ರ ಅದರ ಕಾಲು ನೋಯ್ತಾವೇನು?”

“ಮಲಗಿಸಿದ್ರ ಬಿರಡಿ ಹಸಿ ಇರತದ. ಒಣಗಿದ್ರ ಗಾಳಿ ಹೊಕ್ಕು ಹುಳಿ ಆಗತದ. ಸಾಹೇಬ್ರು ನಂಬಿ ಇಟ್ಟಾರ.”

‘ಸಾಹೇಬ್ರು ನಂಬಿ ಇಟ್ಟಾರ’ ಎಂಬ ಈ ಮಾತನ್ನು ಮುಂದಿನ ಏಳು ವರ್ಷ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಮರುವರ್ಷ ಮಾಮಾನಿಗೆ ದೇವದುರ್ಗಕ್ಕೆ ವರ್ಗವಾಯಿತು. ಸಿರವಾರದ ಮೇಲೆ ಹೋಗುವ ಬಸ್ಸು, ಕಾಲಿಡಲು ಜಾಗವಿಲ್ಲ. ನನಗೆ ಸೀಟು ಸಿಕ್ಕಿತ್ತು, ಟಿಕೆಟ್ಟೂ ತೆಗೆದಾಗಿತ್ತು. ಆದರೆ ಆ ಸೀಟಿನ ಮೇಲೆ ಹತ್ತಿಯ ದಿಂಬು, ದಿಂಬಿನ ಮೇಲೆ ಬಾಟಲಿ, ಬಾಟಲಿಯ ಮೇಲೆ ಕೌದಿ! ನಾನು ದಾರಿಯುದ್ದಕ್ಕೂ ನಿಂತೆ. ಕಂಡಕ್ಟರ್ ಬಗ್ಗಿ ನೋಡಿ, “ಕೂಸು ಮಲಗೇದೇನ್ರೀ?” ಎಂದ.

“ಕೂಸಲ್ಲಪ್ಪ, ನಮ್ಮ ಮಾವನೋರು!” ಎಂದಳು ಅತ್ತೆ.

ಇದನ್ನಾದರೂ ಕ್ಷಮಿಸಬಹುದು. ಆದರೆ ಜ್ವರದ ಪ್ರಸಂಗವನ್ನು ಹೇಗೆ ಕ್ಷಮಿಸಲಿ? ದೇವದುರ್ಗದ ಬೇಸಿಗೆಯಲ್ಲಿ ನಾನು ಜ್ವರ ಬಂದು ನರಳುತ್ತಿದ್ದರೆ, ಮನೆಯಲ್ಲಿದ್ದ ಒಂದೇ ಥರ್ಮಾಮೀಟರು ಎಲ್ಲಿತ್ತು ಗೊತ್ತೆ? ದಾರದಿಂದ ಬಾಟಲಿಯ ಹೊಟ್ಟೆಗೆ ಕಟ್ಟಿತ್ತು!

“ಸ್ವಲ್ಪ ತಡಿ ಯವ್ವಾ,” ಎಂದ ಮಾಮಾ ಗಾಬರಿಯಿಂದ. “ಬಾಟ್ಲಿಗೆ ನೂರಾಮೂರು ಅದ!”

ಒದ್ದೆ ಬಟ್ಟೆಯ ಪಟ್ಟಿ ಮೊದಲು ಬಿದ್ದದ್ದು ಬಾಟಲಿಯ ಕುತ್ತಿಗೆಗೆ. ಆಮೇಲೆ ನನ್ನ ಹಣೆಗೆ.

ಅಲ್ಲಿಂದ ರಾಯಚೂರಿಗೆ ಬಂದೆವು. ಸ್ಟೇಷನ್ನಿನ ಹತ್ತಿರ ಬಾಡಿಗೆ ಮನೆ. ರಾಯಚೂರಿನ ಬಿಸಿಲನ್ನು ನಾನು ಬಣ್ಣಿಸಬೇಕಾಗಿಲ್ಲ. ಮಾಮಾ ಮೂರು ದಿನ ಬರಿಗಾಲಿನಲ್ಲಿ ಮನೆಯೆಲ್ಲ ತಿರುಗಿ, ನೆಲ ಮುಟ್ಟಿ ಮುಟ್ಟಿ ನೋಡಿ, ಅತ್ಯಂತ ತಂಪಾದ ಜಾಗವನ್ನು ಕಂಡುಹಿಡಿದ. ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಗಡಿಗೆಗಳನ್ನು ಇಡುವ ಹಸಿ ಉಸುಕು! ಗಡಿಗೆ ಎತ್ತಿ, ಉಸುಕು ತೋಡಿ, ಬಾಟಲಿಯನ್ನು ಅಡ್ಡ ಮಲಗಿಸಿ ಮುಚ್ಚಿದ.

ಅತ್ತೆ ಕೂಗಿದ ಕೂಗು ಪ್ಲಾಟ್‌ಫಾರ್ಮಿನವರೆಗೆ ಕೇಳಿಸಿರಬೇಕು. “ಕುಡಿಯೋ ನೀರಿನ ಬುಡಕ ಹೆಂಡ ಹುಗಿತೀರಿ? ದೇವರಿಗೆ ಎಡಿ ಮಾಡೂದೂ ಇದೇ ನೀರಿಲೆ ಅಲ್ಲೇನ್ರೀ?”

ಅಷ್ಟಕ್ಕೇ ನಿಂತಿತೇ? ಬೆಳಕು ಬೀಳಬಾರದಲ್ಲ, ಅಡುಗೆಮನೆಯ ಕಿಟಕಿಗೆ ಗೋಣಿತಟ್ಟು ಬಡಿದ. ಅಲುಗಾಡಬಾರದಲ್ಲ! ರೈಲನ್ನು ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಒಂದೇ.

“ನಾಳಿಯಿಂದ ರೊಟ್ಟಿ ಒಳಗ ಬಡೀಬ್ಯಾಡ. ನೀ ಬಡದಾಗೆಲ್ಲ ಉಸುಕು ನಡಗತದ.”

ಓದುಗರೇ, ಜೋಳದ ರೊಟ್ಟಿ ಬಡಿಯುವ ಸಪ್ಪಳವಿಲ್ಲದ ಅಡುಗೆಮನೆಯನ್ನು ನಮ್ಮ ಕಡೆ ಮನೆ ಅನ್ನುತ್ತಾರೆಯೇ? ಅತ್ತೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಮೇಲೆ ಬಿಸಿಲು, ಕೆಳಗೆ ಬೆಂಕಿ, ನಡುವೆ ತಾನು ಬೆಂದು ರೊಟ್ಟಿ ಮಾಡತೊಡಗಿದಳು. “ಅದನ್ನ ಒಡದು ಚೆಲ್ಲತೀನಿ ನೋಡು ಒಂದಿನ” ಎಂದು ದಿನಾ ಗುಡುಗುತ್ತಿದ್ದಳು. “ಇವತ್ತೇ ಒಡಿ ಅತ್ತೀ” ಎಂದು ನಾನು ದಿನಾ ಕುಮ್ಮಕ್ಕು ಕೊಡುತ್ತಿದ್ದೆ.

ಎರಡನೆಯ ಯುಗಾದಿಗೆ ಹೊಸ ಗಡಿಗೆ, ಹೊಸ ಉಸುಕು ಬಂದವು. ಅಂದಿನಿಂದ ಅತ್ತೆಯ ಬೈಗುಳ ಯಾಕೋ ಕಡಿಮೆಯಾಯಿತು. ಗಡಿಗೆಗಳ ಹತ್ತಿರ ನನ್ನನ್ನು ಬಿಡುತ್ತಲೇ ಇರಲಿಲ್ಲ. ಮಡಿ ಹೆಚ್ಚಾಯಿತೆಂದುಕೊಂಡೆ. ಜೊತೆಗೆ ಇನ್ನೊಂದು ಹೊಸ ಹಿಂಸೆ. ಎಂಟು ದಿನಕ್ಕೊಮ್ಮೆ ಹುಣಸೆಹಣ್ಣಿನ ಪಾನಕ! ಅದೂ ಎಂಥದು? ಹಲ್ಲು ಜುಮ್ಮೆನ್ನುವಷ್ಟು ಹುಳಿ. “ಬೆಲ್ಲಕ್ಕೇನು ಬರ ಬಂದದೇನತ್ತೀ?” ಎಂದರೆ, “ಬಿಸಲಿಗೆ ಹುಳಿನ ಛಲೋ, ಕುಡಿ ಬೇ” ಎಂದು ಲೋಟ ಹಿಡಿಸುವಳು. ಮಾಮಾ ತುಟಿ ಪಿಟಕ್ಕೆನ್ನದೆ ಕುಡಿಯುತ್ತಿದ್ದ.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಆಟೋ ನಿಂತಿತು. ಇಳಿದವರು ಸಾಹೇಬರು! ತಲೆ ಪೂರ್ತಿ ಬೆಳ್ಳಗಾಗಿತ್ತು.

“ನನ್ನ ಬಾಟಲಿ ಇದೆಯೇನ್ರಿ?” ಎಂದು ನಕ್ಕರು.

ಮಾಮಾ ಗಡಿಗೆ ಎತ್ತಿ, ಉಸುಕು ಸರಿಸಿ, ಬಾಟಲಿ ತಂದು ಅವರ ಮುಂದೆ ಇಟ್ಟ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದಳು. ಸಾಹೇಬರು ಬಿರಡೆ ತೆಗೆದು, ಸ್ಟೀಲಿನ ಲೋಟಕ್ಕೆ ಬಗ್ಗಿಸಿ, ಒಂದು ಗುಟುಕು ಕುಡಿದರು. ಮಾಮಾನ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು.

“ಅಮ್ಮಾ,” ಎಂದರು ಅತ್ತೆಗೆ, “ಎಷ್ಟೋ ಕಡೆ ಕುಡಿದಿದ್ದೀನಿ. ಇಷ್ಟು ಜೋಪಾನ ಮಾಡಿ ಇಟ್ಟಿದ್ದನ್ನು ಎಲ್ಲೂ ಕುಡಿದಿಲ್ಲ.” ಕೂತಲ್ಲೇ ಇಡೀ ಲೋಟ ಮುಗಿಸಿ, ಇನ್ನೊಂದು ಲೋಟ ಹಾಕಿಕೊಂಡರು. ಮಾಮಾ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಸಾಹೇಬರ ಆಟೋ ಹೋದ ಮೇಲೆ ಅತ್ತೆ ನನ್ನನ್ನು ಹಿತ್ತಲಿಗೆ ಎಳೆದೊಯ್ದು ಗುಟ್ಟು ಬಿಚ್ಚಿದಳು. ಆ ಯುಗಾದಿಗೆ ಉಸುಕು ತೆಗೆದಾಗ ಬಾಟಲಿ ಹಗುರಾಗಿತ್ತಂತೆ. ಹಸಿ ಉಸುಕಿನಲ್ಲಿ ಗೆದ್ದಲು ಬಿರಡೆಯನ್ನು ತಿಂದಿತ್ತು. ವೈನೆಲ್ಲ ಉಸುಕಿಗೆ ಇಂಗಿತ್ತು!

“ನಿಮ್ಮ ಮಾಮಾಗ ಗೊತ್ತಾದ್ರ ಎದಿ ಒಡೀತಿದ್ದ. ಜೋಳದ ದಂಟಿನ ಬೆಂಡು ಕೆತ್ತಿ ಬಿರಡಿ ಮಾಡಿದೆ. ಪಾನಕ ತುಂಬಿದೆ. ಕೆಡತದಲ್ಲ, ಎಂಟು ದಿನಕ್ಕೊಮ್ಮಿ ಬದಲಿ ಮಾಡಿದೆ. ಬಾಟ್ಲಿ ತುಂಬಿ ಉಳದದ್ದು ನಿಮಗ ಕುಡಿಸಿದೆ. ಸಾಹೇಬ್ರು ಯಾವಾಗ ಬರ್ತಾರೋ ಯಾರಿಗೆ ಗೊತ್ತು? ಬಾಯಿ ಬಿಡಬ್ಯಾಡ ಮತ್ತ.”

ನಾನು ಬಾಯಿ ಬಿಡಲಿಲ್ಲ. ಮಾಮಾ ಅಂದೇ ಕಿಟಕಿಯ ಗೋಣಿತಟ್ಟು ಕಿತ್ತೆಸೆದ. ಅತ್ತೆಯ ರೊಟ್ಟಿ ಒಳಗೆ ಬಂತು.

ಎಂಟನೆಯ ದಿನ ಊಟಕ್ಕೆ ಕೂತ ಮಾಮಾ ಅತ್ತಿತ್ತ ನೋಡಿದ. “ಯಾಕ, ಇವತ್ತು ಪಾನಕ ಇಲ್ಲೇನು?”

“ಬಿಸಲು ಇಳೀತಲ್ರೀ, ಇನ್ನ್ಯಾಕ?” ಎಂದಳು ಅತ್ತೆ.

“ಸಾಹೇಬ್ರ ಪಾಲಿಂದು ಮುಗೀತು, ಖರೆ. ನನ್ನ ಪಾಲಿಂದು ಬಂದ್ ಮಾಡಬ್ಯಾಡ.”

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ನಿಮಗ… ಗೊತ್ತಿತ್ತೇನು?”

“ಸ್ಟೋರ್ ಕೀಪರ್ ಇದ್ದೀನಿ ನಾ. ನನ್ನ ಸ್ಟೋರಿನಾಗ ಮಾಲು ಬದಲಿ ಆದ್ರ ಗೊತ್ತಾಗಂಗಿಲ್ಲೇನು? ಬಿರಡಿ ನೋಡಿದ ದಿನಾನ ಗೊತ್ತಾತು. ಸಾಹೇಬ್ರಿಗೆ ಏನಂತ ಮುಖ ತೋರಸಲಿ ಅಂತ ಆಫೀಸಿನಾಗ ಕೂತು ಅತ್ತೀನಿ. ಆಮ್ಯಾಲ ನೀ ನನ್ನ ಮರ್ಯಾದಿ ಉಳಸಾಕ ಹುಣಸಿಹಣ್ಣು ಹಿಂಡೂದು ನೋಡಿದೆ. ಬ್ಯಾಡ ಅಂತ ಹ್ಯಾಂಗ ಹೇಳಲಿ?”

ಅಂದರೆ ಅತ್ತೆಗೆ ಗೊತ್ತಿತ್ತು, ಮಾಮಾಗೆ ಗೊತ್ತಿತ್ತು, ಒಂದು ಗುಟುಕಿಗೆ ಸಾಹೇಬರಿಗೂ ಗೊತ್ತಾಗಿತ್ತು. ಎರಡು ವರ್ಷ ಆ ಹುಳಿ ಕುಡಿದೂ ಏನೂ ಗೊತ್ತಾಗದವಳು ನಾನೊಬ್ಬಳೇ!

ಅತ್ತೆ ಕಣ್ಣೊರೆಸುತ್ತ ಎದ್ದು ಒಳಗೆ ಹೋದಳು. ಮಾಮಾ ಎಂಜಲು ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, “ಎರಡು ವರ್ಷ ಹುಳಿ ಕುಡದೀನಿ. ಇವತ್ತಾದ್ರೂ ಬೆಲ್ಲ ಜಾಸ್ತಿ ಹಾಕು ಬೇ” ಎಂದ.